ದೊಡ್ಡಪೇಟೆಯ ಕನ್ನಡ ಚಾಪೆಲ್ ಮತ್ತು ಊರಿನ ಚರಿತ್ರೆ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಪುಸ್ತಕದಂಗಡಿಗಳು ಮತ್ತು ಸಗಟು ಮಳಿಗೆಗಳ ನಡುವೆ, ರೈಸ್ ಮೆಮೋರಿಯಲ್ ಚರ್ಚು ಇದೆ. ಈಗಿನ ಕಟ್ಟಡದ ಕೆಲಸ ಶುರುವಾದದ್ದು 1913ರಲ್ಲಿ, ಅದೇ ಜಾಗದಲ್ಲಿದ್ದ ಹಳೆಯ ಕಟ್ಟಡವನ್ನು ಕೆಡವಿದ ಮೇಲೆ. ಅದು ಆರಾಧನೆಗೆ ತೆರೆದದ್ದು 1917ರಲ್ಲಿ. ಮುಂಭಾಗದಲ್ಲಿ ಟಸ್ಕನ್ ಶೈಲಿಯ ಕಂಬಗಳು, ಅವುಗಳ ಮೇಲೆ ತ್ರಿಕೋನ ಶಿಖರಪಟ್ಟಿ, ಪಕ್ಕದ ಗೋಡೆಗಳಲ್ಲಿ ಕಮಾನು ಕಿಟಕಿಗಳು. ಈ ರಸ್ತೆ ದೊಡ್ಡಪೇಟೆಯಾಗಿದ್ದಾಗ ಇಲ್ಲಿದ್ದ ಹಳೆಯ ಕಟ್ಟಡ ಕನ್ನಡ ಚಾಪೆಲ್ ಎಂದೇ ಹೆಸರಾಗಿತ್ತು. ಬ್ರಿಟಿಷ್ ಸೇನೆಯ ನೆಲೆಯಾದ ದಂಡಿನಲ್ಲಿ ಇಂಗ್ಲಿಷು, ತಮಿಳುಗಳ ಪ್ರಾರ್ಥನೆ ನಡೆಯುತ್ತಿದ್ದ ಕಾಲದಲ್ಲಿ ಪೇಟೆಯ ಒಳಗೆ ಕನ್ನಡದಲ್ಲೇ ಪ್ರಾರ್ಥನೆ, ಕನ್ನಡದಲ್ಲೇ ಉಪದೇಶ ನಡೆಯಬೇಕೆಂದು ಕಟ್ಟಿದ ಮನೆ ಅದು. ಕರ್ನಾಟಕದ ಚರಿತ್ರೆ ಬರೆಯುವವರಿಗೆ ಈ ಚರ್ಚು ಮತ್ತೊಂದು ಕಾರಣಕ್ಕೂ ಮುಖ್ಯವಾಗಬೇಕು. ಇದರೊಂದಿಗೆ ಹೆಸರು ಬೆಸೆದುಕೊಂಡಿರುವ ಕುಟುಂಬದಲ್ಲೇ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಅಚ್ಚಿಗೆ ತಂದವರು ಹುಟ್ಟಿದರು.

ಹಳೆಯ ಚರ್ಚುಗಳು ತಮ್ಮ ಊರಿನ ಚರಿತ್ರೆಯನ್ನು ಬೇರೆ ಬೇರೆ ರೂಪದಲ್ಲಿ ಹಿಡಿದಿಟ್ಟುಕೊಂಡಿರುತ್ತವೆ. ಅಸ್ತಿಭಾರದ ಕಲ್ಲು, ಗೋಡೆಗೆ ಹಚ್ಚಿದ ಅಮೃತಶಿಲೆ ಅಥವಾ ಹಿತ್ತಾಳೆಯ ಸ್ಮರಣ ಫಲಕ, ಗಂಟೆಯ ಮೇಲಿನ ಅಕ್ಷರ, ಬಣ್ಣದ ಗಾಜಿನ ಕೆಳಗಿನ ದಾನಿಗಳ ಹೆಸರು, ಸಮಾಧಿಕಲ್ಲು ಎಲ್ಲರ ಕಣ್ಣಿಗೂ ಬೀಳುವಂಥವು. ಕಪಾಟಿನೊಳಗೆ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆ ಪುಸ್ತಕಗಳಿರುತ್ತವೆ. ಇಂಗ್ಲೆಂಡಿನಲ್ಲಿ ಪ್ರತಿ ಪ್ಯಾರಿಷ್ ಇಂಥ ದಾಖಲೆ ಇಡಬೇಕೆಂದು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಗಳು ಆ ಪದ್ಧತಿಯನ್ನು ಇಲ್ಲಿಗೂ ತಂದರು. ಅವರು ಬರೆದ ದಾಖಲೆಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಕಾಲರಾ ಯಾವ ವರ್ಷ ಬಂತು, ಯಾವ ಪಲ್ಟಣ ಎಲ್ಲಿಂದ ಬಂತು, ಹೆರಿಗೆಯಲ್ಲಿ ಎಷ್ಟು ತಾಯಂದಿರು ಸತ್ತರು, ಅಪ್ಪ ಏನು ಕಸುಬು ಮಾಡುತ್ತಿದ್ದ ಎಂಬುದೆಲ್ಲ ಇಂಥ ಪುಸ್ತಕಗಳ ಸಾಲುಗಳಲ್ಲಿ ಸಿಗುತ್ತದೆ.

ಇವನ್ನು ಜನರಿಗೆ ಕಾಣುವಂತೆ ಜೋಡಿಸಿ ಚರ್ಚಿನೊಳಗೇ ಇಡುವ ಪದ್ಧತಿ ಇಂಗ್ಲೆಂಡಿನಲ್ಲಿ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬೆಳೆಯಿತು. ಭಕ್ತರು ಕಡಿಮೆಯಾಗಿ ಬಾಗಿಲು ಹಾಕಿದ ಚರ್ಚುಗಳನ್ನು ಉಳಿಸಿಕೊಳ್ಳಲು ಅಲ್ಲಿ 1969ರಲ್ಲಿ ಒಂದು ನಿಧಿಯೇ ಸ್ಥಾಪನೆಯಾಯಿತು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೆಡವಲು ಗೊತ್ತಾಗಿದ್ದ ಸೇಂಟ್ ಮೇರಿ ಚರ್ಚು 1977ರಲ್ಲಿ ಉದ್ಯಾನಗಳ ವಸ್ತುಸಂಗ್ರಹಾಲಯವಾಗಿ ಉಳಿದುಕೊಂಡಿತು. ಅದರ ಅಂಗಳದಲ್ಲಿ ಟ್ರಾಡೆಸ್ಕೆಂಟ್ ಎಂಬ ತೋಟಗಾರ ಮನೆತನದ ಸಮಾಧಿ ಇದ್ದುದರಿಂದ ಆ ವಿಷಯವೇ ಅಲ್ಲಿಗೆ ಹೊಂದಿಕೊಂಡಿತು.

ನಮಗೆ ಹತ್ತಿರದ ಉದಾಹರಣೆ ಕೊಚ್ಚಿಯದು. ಅಲ್ಲಿನ ಸೇಂಟ್ ಫ್ರಾನ್ಸಿಸ್ ಚರ್ಚು ಪೋರ್ಚುಗೀಸರ ಕಾಲದಲ್ಲಿ ಕಟ್ಟಿದ್ದು, ಆಮೇಲೆ ಡಚ್ಚರ, ಕೊನೆಗೆ ಇಂಗ್ಲಿಷರ ಕೈಸೇರಿತು. 1524ರಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಅಲ್ಲಿಯೇ. ನೆಲದಲ್ಲಿದ್ದ ಪೋರ್ಚುಗೀಸ್ ಮತ್ತು ಡಚ್ ಸಮಾಧಿಕಲ್ಲುಗಳನ್ನು ಎತ್ತಿ ಎರಡು ಬದಿಯ ಗೋಡೆಗಳಿಗೆ ನಿಲ್ಲಿಸಲಾಗಿದೆ. 1751ರಿಂದ 1804ರವರೆಗಿನ ಡಚ್ಚರ ದೀಕ್ಷಾಸ್ನಾನ ಮತ್ತು ಮದುವೆಗಳ ಪುಸ್ತಕದ ಛಾಯಾಪ್ರತಿಯನ್ನು ಬಂದವರು ನೋಡುವಂತೆ ಇಟ್ಟಿದ್ದಾರೆ. ಮೂಲ ಭದ್ರವಾಗಿದೆ, ಪ್ರತಿ ಜನರ ಕಣ್ಣಮುಂದಿದೆ. ಪ್ರದರ್ಶನವೆಂದರೆ ದೊಡ್ಡ ಖರ್ಚಿನ ಕೆಲಸವೇ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಬೆಂಗಳೂರಿನ ಚರ್ಚುಗಳ ಚರಿತ್ರೆ ಎರಡು ಊರುಗಳ ಚರಿತ್ರೆ. 1809ರ ಹೊತ್ತಿಗೆ ಶ್ರೀರಂಗಪಟ್ಟಣದ ಜ್ವರದಿಂದ ಬೇಸತ್ತ ಬ್ರಿಟಿಷ್ ಸೇನೆ ತನ್ನ ನೆಲೆಯನ್ನು ಹಲಸೂರಿನ ಬಯಲಿಗೆ ಬದಲಿಸಿತು. ಅಲ್ಲಿಂದ ಮುಂದೆ ಪೇಟೆ ಬೇರೆ, ದಂಡು ಬೇರೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿಸಿದಾಗಲೂ ದಂಡು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಬಳಿಯೇ ಉಳಿಯಿತು. ಎರಡೂ ಸೇರಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ದಂಡಿನ ಕಡೆ 1808ರಲ್ಲಿ ಶುರುವಾಗಿ 1812ರಲ್ಲಿ ಮುಗಿದ ಸೇಂಟ್ ಮಾರ್ಕ್ಸ್, 1851ರ ಹೋಲಿ ಟ್ರಿನಿಟಿ, 1866ರಲ್ಲಿ ತೆರೆದ ಸ್ಕಾಟಿಷ್ ಪಂಥದ ಸೇಂಟ್ ಆಂಡ್ರೂಸ್ ಎದ್ದವು. ಇವುಗಳ ಗೋಡೆಗಳ ಮೇಲಿನ ಫಲಕಗಳನ್ನು ಓದುತ್ತ ಹೋದರೆ ಸೇನೆಯ ಚರಿತ್ರೆ ತೆರೆದುಕೊಳ್ಳುತ್ತದೆ. ಹೋಲಿ ಟ್ರಿನಿಟಿಯಲ್ಲಿ ಜನರಲ್ ಕ್ಲೆಮೆಂಟ್ ಹಿಲ್‌ನ ಅಮೃತಶಿಲೆಯ ಸ್ಮಾರಕವಿದೆ. ನೆಪೋಲಿಯನ್ನನ ವಿರುದ್ಧದ ಯುದ್ಧಗಳಲ್ಲಿ ಅಣ್ಣಂದಿರ ಜೊತೆ ಕಾದಾಡಿದವನು, ಮೈಸೂರು ವಿಭಾಗದ ಸೇನಾಧಿಪತಿಯಾಗಿದ್ದಾಗ 1845ರ ಜನವರಿಯಲ್ಲಿ ಜೋಗದ ಕಡೆಗೆ ಹೋಗಿದ್ದಾಗ ತೀರಿಕೊಂಡ. ಅವನ ಹೆಸರಿನ ಇನ್ನೊಂದು ಸ್ಮಾರಕ ಹೊನ್ನಾವರದಲ್ಲಿದೆ. ಬೆಂಗಳೂರಿನ ಫಲಕ ಓದಿದವರಿಗೆ ಹೊನ್ನಾವರದ ಕಂಬ ಗೊತ್ತಿರುವುದಿಲ್ಲ, ಹೊನ್ನಾವರದವರಿಗೆ ಬೆಂಗಳೂರಿನದು ಗೊತ್ತಿರುವುದಿಲ್ಲ. ಎರಡನ್ನೂ ಕೂಡಿಸಿ ಹೇಳುವ ನಾಲ್ಕು ಸಾಲಿನ ಕನ್ನಡ ಫಲಕ ಎರಡೂ ಕಡೆ ಇರಬೇಕಾದದ್ದು.

ಪೇಟೆಯ ಕಡೆಯ ಕಥೆ ಬೇರೆ ರೀತಿಯದು. ಅಲ್ಲಿ ಸೇನೆಯ ಹಣವಿಲ್ಲ, ಅಧಿಕಾರಿಗಳ ಸ್ಮಾರಕವಿಲ್ಲ. ಲಂಡನ್ ಮಿಷನರಿ ಸೊಸೈಟಿ ಬಳ್ಳಾರಿಯಲ್ಲಿ 1810ರಿಂದಲೇ ಕೆಲಸ ಮಾಡುತ್ತಿತ್ತು. ಅಲ್ಲಿನ ಜಾನ್ ಹ್ಯಾಂಡ್ಸ್ ಬೈಬಲ್ಲಿನ ಕನ್ನಡ ಅನುವಾದಕ್ಕೆ ಕೈಹಾಕಿದ. ಇಡೀ ಗ್ರಂಥ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದ. ಕಿಟ್ಟೆಲರ ನಿಘಂಟು ಬರಲು ಆಗಿನ್ನೂ ಆರು ದಶಕ ಬೇಕಿತ್ತು. ಅದೇ ಸೊಸೈಟಿಯ ಬೆಂಗಳೂರು ಶಾಖೆ 1820ರಲ್ಲಿ ತೆರೆಯಿತು. ವೆಸ್ಲಿಯನ್ ಮಿಷನ್ನಿನವರೂ ಇದೇ ಕಾಲದಲ್ಲಿ ಬಂದರು. ಅವರು 1840ರಲ್ಲಿ ಬೆಂಗಳೂರಿನಲ್ಲಿ ತೆರೆದ ಮುದ್ರಣಾಲಯ ಕನ್ನಡ ಪುಸ್ತಕಗಳ ದೊಡ್ಡ ನೆಲೆಯಾಯಿತು.

ಬೆಂಜಮಿನ್ ರೈಸ್ ಇಂಗ್ಲೆಂಡಿನಲ್ಲಿ 1814ರಲ್ಲಿ ಹುಟ್ಟಿದ. ಲಂಡನ್ ಮಿಷನ್ನಿನ ಪರವಾಗಿ ಬೆಂಗಳೂರಿಗೆ ಬಂದವನು 1887ರಲ್ಲಿ ಸಾಯುವವರೆಗೆ ಐವತ್ತು ವರ್ಷ ಇಲ್ಲಿಯೇ ಉಳಿದ. ಪೇಟೆಯ ಕನ್ನಡ ಚಾಪೆಲ್ ಅವನು ಕಟ್ಟಿಸಿದ್ದು. ಕನ್ನಡ ಬೈಬಲ್ಲಿನ ಪರಿಷ್ಕರಣೆಯಲ್ಲಿ ಪಾಲ್ಗೊಂಡ. ಆದರೆ ಊರಿನ ಮೇಲೆ ಅವನ ಗುರುತು ಹೆಚ್ಚು ಉಳಿದದ್ದು ಶಾಲೆಗಳಿಂದ. ಐಗಳ ಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಉರುಹೊಡೆದು, ಅಮರಕೋಶ, ಜೈಮಿನಿ ಭಾರತ ಕಲಿಯುತ್ತಿದ್ದ ಪೇಟೆಯಲ್ಲಿ ಅಚ್ಚಾದ ಪುಸ್ತಕ ಹಿಡಿದು ಓದುವ ಶಾಲೆ ಹೊಸದಾಗಿತ್ತು. ಹೆಣ್ಣುಮಕ್ಕಳಿಗೆ ಶಾಲೆ ಎಂಬುದು ಇನ್ನೂ ಹೊಸದು. ಪೇಟೆಯಲ್ಲಿ 1840ರ ಸುಮಾರಿಗೆ ಲಂಡನ್ ಮಿಷನ್ನಿನ ಹೆಂಗಸರು ಕನ್ನಡ ಬಾಲಿಕೆಯರಿಗಾಗಿ ಹಗಲು ಶಾಲೆ ತೆರೆದರು. ಅವರಲ್ಲಿ ರೈಸ್‌ನ ಹೆಂಡತಿ ಜೇನ್ ಒಬ್ಬಳು. ಮಿಷನ್ ರಸ್ತೆಯ ಮಿತ್ರಾಲಯ ಶಾಲೆ ಇದೇ ಪರಂಪರೆಯದು. ಆ ರಸ್ತೆಯ ಹೆಸರಿಗೆ ಕಾರಣವೂ ಲಂಡನ್ ಮಿಷನ್ನಿನ ಅಂಗಳವೇ.

ಈ ಶಾಲೆಗಳ ಉದ್ದೇಶ ಮತಪ್ರಚಾರವಾಗಿತ್ತು ಎಂಬುದನ್ನು ಮರೆಮಾಚಬೇಕಾದ್ದಿಲ್ಲ, ಮಿಷನರಿಗಳೂ ಮರೆಮಾಚಲಿಲ್ಲ. ಪೇಟೆಯ ವರ್ತಕರು ಮತ್ತು ಕಸುಬುದಾರರು ಪಾಠವನ್ನು ತೆಗೆದುಕೊಂಡು ಉಪದೇಶವನ್ನು ಬಿಟ್ಟರು. ಮತಾಂತರವಾದವರು ಕೆಲವೇ ಮಂದಿ. ಚಾಪೆಲಿನಲ್ಲಿ ಕೂರುತ್ತಿದ್ದ ಸಣ್ಣ ಕನ್ನಡ ಸಭೆ ಮತ್ತು ಶಾಲೆಯಲ್ಲಿ ಓದಿ ಹೊರಬಂದ ದೊಡ್ಡ ಸಮೂಹ, ಇವೆರಡರ ನಡುವಣ ಅಂತರವೇ ಹತ್ತೊಂಬತ್ತನೆಯ ಶತಮಾನದ ಬೆಂಗಳೂರನ್ನು ಅರ್ಥಮಾಡಿಕೊಳ್ಳಲು ಒಂದು ದಾರಿ. ಪ್ರದರ್ಶನವೊಂದು ಇದನ್ನು ಹೇಳದೆ ಬರೀ ಪಾದ್ರಿಗಳ ಚಿತ್ರಗಳನ್ನು ತೂಗುಹಾಕಿದರೆ ಅದು ಚರಿತ್ರೆಯಾಗದೆ ಸ್ತುತಿಯಾಗುತ್ತದೆ.

ರೈಸ್‌ನ ಮಗ ಬೆಂಜಮಿನ್ ಲೂಯಿಸ್ ರೈಸ್ 1837ರ ಜುಲೈ 17ರಂದು ಬೆಂಗಳೂರಿನಲ್ಲಿಯೇ ಹುಟ್ಟಿದ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯನಾಗಿ ಮರಳಿದ. ಮುಂದೆ ಸೆಂಟ್ರಲ್ ಕಾಲೇಜಾದದ್ದು ಇದೇ ಸಂಸ್ಥೆ. ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್, 1868ರಲ್ಲಿ ಸಾರ್ವಜನಿಕ ಶಿಕ್ಷಣದ ನಿರ್ದೇಶಕ. ಹೋಬಳಿಗೊಂದು ಸರ್ಕಾರಿ ಶಾಲೆ ಇರಬೇಕೆಂಬ ಯೋಜನೆ ಅವನ ಅಧಿಕಾರದ ಕಾಲದ್ದು. ಶಾಲೆಗಳ ತನಿಖೆಗೆಂದು ಕುದುರೆಯ ಮೇಲೆ ಊರೂರು ಸುತ್ತುವಾಗ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಬರಹದ ಕಲ್ಲುಗಳು ಅವನ ಕಣ್ಣಿಗೆ ಬಿದ್ದವು. ಅವನ್ನು ಓದುವವರು ಊರಿನಲ್ಲಿ ಇರಲಿಲ್ಲ. ಹಳಗನ್ನಡದ ಲಿಪಿ ತಿಳಿಯದ ಜನ ಅದು ನಿಧಿಯ ಗುರುತೆಂದು ಭಾವಿಸಿ ಕಲ್ಲಿನ ಬುಡ ಅಗೆದದ್ದೂ ಉಂಟು. ಮೇಜರ್ ಡಿಕ್ಸನ್ 1865ರ ಸುಮಾರಿಗೆ ತೆಗೆದ ಶಾಸನಗಳ ಫೋಟೋಗಳು ಕಮಿಷನರ್ ಬೌರಿಂಗ್‌ನ ಕಾಲದಲ್ಲಿ ಸಿದ್ಧವಾಗಿದ್ದವು. ಅವನ್ನು ಪಂಡಿತರ ನೆರವಿನಿಂದ ಓದಿ, ತನ್ನ ಸಂಗ್ರಹವನ್ನೂ ಸೇರಿಸಿ ಲೂಯಿಸ್ ರೈಸ್ 1879ರಲ್ಲಿ ಮೈಸೂರು ಶಾಸನಗಳ ಸಂಪುಟವನ್ನು ಪ್ರಕಟಿಸಿದ. ಇದಕ್ಕೂ ಮುಂಚೆಯೇ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್ ಬರೆದಾಗಿತ್ತು. ಅದರ ಪರಿಷ್ಕೃತ ಆವೃತ್ತಿ 1897ರಲ್ಲಿ ಬಂತು.

1886ರಲ್ಲಿ ಕೊಡಗಿನ ಶಾಸನಗಳೊಂದಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಆರಂಭವಾಯಿತು. 1889ರಲ್ಲಿ ಶ್ರವಣಬೆಳಗೊಳದ ಸಂಪುಟ. 1905ರ ಹೊತ್ತಿಗೆ ಹನ್ನೆರಡು ಸಂಪುಟಗಳಲ್ಲಿ ಎಂಟೂವರೆ ಸಾವಿರಕ್ಕೂ ಹೆಚ್ಚು ಶಾಸನಗಳು ಅಚ್ಚಾಗಿದ್ದವು. ಇಷ್ಟು ದೊಡ್ಡ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ. ಊರೂರಿಗೆ ಹೋಗಿ ಕಲ್ಲಿನಿಂದ ಅಕ್ಷರ ಎತ್ತಿಕೊಂಡು ಬಂದವರು ಇಲಾಖೆಯ ಕನ್ನಡ ಪಂಡಿತರು ಮತ್ತು ಸಹಾಯಕರು. ಅವರು ಮಾಡುತ್ತಿದ್ದ ಕೆಲಸದ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಕಲ್ಲನ್ನು ನೀರಿನಿಂದ ತೊಳೆದು, ಪಾಚಿ ಉಜ್ಜಿ, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸುತ್ತಾರೆ. ಗಡುಸು ಕೂದಲಿನ ಕುಂಚದಿಂದ ಮೆಲ್ಲಗೆ ಬಡಿದಾಗ ಕಾಗದ ಅಕ್ಷರದ ತಗ್ಗುಗಳೊಳಗೆ ಇಳಿಯುತ್ತದೆ. ಅದು ಅರೆ ಒಣಗಿದಾಗ ಬಟ್ಟೆ ಸುತ್ತಿದ ಗುಂಡಿನಿಂದ ಮಸಿ ತಟ್ಟಿದರೆ ಮೇಲ್ಮೈ ಕಪ್ಪಾಗಿ, ತಗ್ಗಿನ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಈ ಪಡಿಯಚ್ಚು ಕಲ್ಲಿನ ನಿಜ ಅಳತೆಯದೇ ಆಗಿರುತ್ತದೆ. ಕಲ್ಲು ಒಡೆದುಹೋದರೂ ಓದು ಉಳಿಯುತ್ತದೆ. ರೈಸ್‌ನ ಸಂಪುಟಗಳಲ್ಲಿರುವ ಎಷ್ಟೋ ಶಾಸನಗಳ ಮೂಲ ಕಲ್ಲುಗಳು ಈಗ ಊರಿನಲ್ಲಿ ಸಿಗುವುದಿಲ್ಲ. ರಸ್ತೆಯ ಅಡಿ, ಮನೆಯ ಅಡಿಪಾಯದೊಳಗೆ, ಬಟ್ಟೆ ಒಗೆಯುವ ಬಂಡೆಯಾಗಿ ಅವು ಮಾಯವಾದವು. ಅವುಗಳ ಪಾಲಿಗೆ ಆ ಪುಸ್ತಕವೇ ಕೊನೆಯ ಆಸರೆ.

ತಾಳೆಗರಿಗಳ ಕಡೆಗೂ ಲೂಯಿಸ್ ರೈಸ್‌ನ ಗಮನ ಹೋಯಿತು. ಅವನು ನಡೆಸಿದ ಬಿಬ್ಲಿಯೊಥೆಕಾ ಕರ್ನಾಟಿಕಾ ಮಾಲೆಯಲ್ಲಿ 1884ರಲ್ಲಿ ಕರ್ನಾಟಕ ಭಾಷಾಭೂಷಣ, 1898ರಲ್ಲಿ ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗ ಬಂದವು. 1906ರಲ್ಲಿ ಅವನು ನಿವೃತ್ತನಾಗಿ ಇಂಗ್ಲೆಂಡಿಗೆ ಹೋದ ಮೇಲೆ ಶಾಸನ ಇಲಾಖೆಯ ಹೊಣೆ ಆರ್. ನರಸಿಂಹಾಚಾರ್ಯರಿಗೆ ಬಂತು. ಮರುವರ್ಷವೇ ಅವರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಹೊರಬಂತು. ಲೂಯಿಸ್ ರೈಸ್‌ನ ತಮ್ಮ ಎಡ್ವರ್ಡ್ ಪೀಟರ್ ರೈಸ್ ಅಪ್ಪನ ದಾರಿಯಲ್ಲೇ ಮಿಷನ್ನಿನಲ್ಲಿ ಉಳಿದು ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದ. ಬಿ. ಎಲ್. ರೈಸ್ 1927ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಅಪ್ಪನ ಚಾಪೆಲಿನ ಜಾಗದಲ್ಲಿ ಹೊಸ ಚರ್ಚು ಎದ್ದು, ಅದಕ್ಕೆ ಅಪ್ಪನ ಹೆಸರು ಬಂದು ಹತ್ತು ವರ್ಷವಾಗಿತ್ತು.

ಪೇಟೆಯ ಅಂಚಿನಲ್ಲಿ, ಈಗಿನ ಕಾರ್ಪೊರೇಷನ್ ವೃತ್ತದ ಬಳಿ, 1904ರಲ್ಲಿ ಇನ್ನೊಂದು ಕನ್ನಡ ಚರ್ಚು ಎದ್ದಿತು. ಇದು ವೆಸ್ಲಿಯನ್ನರದು, ಕಲ್ಲಿನ ಗಾಥಿಕ್ ಕಟ್ಟಡ, ಪಕ್ಕದಲ್ಲಿ ಗಂಟೆಗೋಪುರ. 1896ರಲ್ಲಿ ತೀರಿಕೊಂಡ ಜೊಸಾಯ ಹಡ್ಸನ್ ಎಂಬ ಮಿಷನರಿಯ ನೆನಪಿನ ಈ ಚರ್ಚಿನಿಂದಲೇ ಹಡ್ಸನ್ ವೃತ್ತವೆಂಬ ಹೆಸರು ಬಂತು. ಅವನೂ ಕನ್ನಡ ಶಾಲೆಗಳ ವಿಸ್ತರಣೆಗೆ ದುಡಿದವನು. ಲಂಡನ್ ಮಿಷನ್ನಿನ ಸಭೆಗಳು 1908ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಯೊಳಗೆ ಸೇರಿದವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿದಾಗ ಐಕ್ಯ ಸಭೆಯೂ ವೆಸ್ಲಿಯನ್ ಪರಂಪರೆಯೂ ಆಂಗ್ಲಿಕನ್ನರೂ ಒಂದಾದರು. ದಂಡಿನ ಸೇಂಟ್ ಮಾರ್ಕ್ಸ್ ಮತ್ತು ಪೇಟೆಯ ಕನ್ನಡ ಚಾಪೆಲಿನ ಉತ್ತರಾಧಿಕಾರಿ ಹೀಗೆ ಒಂದೇ ಸಭೆಯ ಕೆಳಗೆ ಬಂದವು. ನಗರ ಒಂದಾಗುವ ಎರಡು ವರ್ಷ ಮೊದಲೇ ಚರ್ಚುಗಳು ಒಂದಾಗಿದ್ದವು.

ಊರಿನ ಕಲ್ಲು ಎಲ್ಲಿರಬೇಕು ಎಂಬ ಪ್ರಶ್ನೆ ರೈಸ್‌ನ ಕಾಲದಿಂದಲೂ ಇದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪನೆಯಾಯಿತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಈಗ ಅಲ್ಲಿದೆ. ಕ್ರಿ.ಶ. 949ರ ಸುಮಾರಿನ ಆ ಕಲ್ಲಿನಲ್ಲಿ ತಕ್ಕೋಲದ ಯುದ್ಧದ ಸುದ್ದಿಯ ಜೊತೆಗೆ ಕಾಳಿ ಎಂಬ ಬೇಟೆನಾಯಿಯ ಕಥೆಯೂ ಇದೆ. ಕಾಡುಹಂದಿಯೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ಬೇಗೂರಿನ ದೊಡ್ಡ ವೀರಗಲ್ಲೂ ಅದೇ ಮ್ಯೂಸಿಯಮ್ಮಿನಲ್ಲಿದೆ. ಆನೆ, ಕುದುರೆ, ಕಾಲಾಳುಗಳ ಕಿಕ್ಕಿರಿದ ಕಾಳಗದ ಚಿತ್ರಣ ಅದರಲ್ಲಿದೆ. ಆದರೆ ಬೆಂಗಳೂರಿನ ಹೆಸರನ್ನು ಮೊದಲು ಹೇಳುವ ಸಣ್ಣ ಶಾಸನ ಬೇಗೂರಿನ ನಾಗೇಶ್ವರ ಗುಡಿಯ ಅಂಗಳದಲ್ಲೇ ಉಳಿಯಿತು. ಒಂಬತ್ತನೆಯ ಶತಮಾನದ ಕೊನೆಯ ಸುಮಾರಿನ, ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟನ ಸೆಟ್ಟಿಯನ್ನು ನೆನೆಯುವ ಆ ಕಲ್ಲನ್ನು ನೋಡಲು ಜನ ಬೇಗೂರಿಗೇ ಹೋಗುತ್ತಾರೆ. ಹೋದವರು ಕೆರೆ, ಗುಡಿ, ಊರು ಎಲ್ಲವನ್ನೂ ಕಂಡು ಬರುತ್ತಾರೆ. ಮ್ಯೂಸಿಯಮ್ಮಿನ ಕಲ್ಲು ಸುರಕ್ಷಿತವಾಗಿದೆ, ಆದರೆ ಊರಿನಿಂದ ಬೇರ್ಪಟ್ಟಿದೆ. ಹಲ್ಮಿಡಿಯ ಶಾಸನ ಮೈಸೂರಿಗೆ ಹೋದ ಮೇಲೆ ಅದರ ಪ್ರತಿಕೃತಿಯನ್ನು ಹಲ್ಮಿಡಿಯಲ್ಲಿ ನಿಲ್ಲಿಸಿದ್ದು ಈ ಕೊರತೆಯನ್ನು ತುಂಬಲಿಕ್ಕೇ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ತೋಡುವಾಗ ಸಿಕ್ಕ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲನ್ನು ಅಲ್ಲಿನ ಜನ ಬೇರೆಲ್ಲಿಗೂ ಕಳುಹಿಸದೆ ಊರಿನಲ್ಲೇ ಮಂಟಪ ಕಟ್ಟಿ ನಿಲ್ಲಿಸಿಕೊಂಡರು. ಗಂಗ ಶ್ರೀಪುರುಷನ ಕಾಲದ ಆ ಕಲ್ಲು ಈಗ ಓದುವವರ ಮುಂದಿದೆ. ಆ ನಿರ್ಧಾರ ಸರಿಯಾದದ್ದು.

ಪಶ್ಚಿಮ ಬೆಂಗಳೂರಿಗೆ ಈ ಮಾತು ಹೆಚ್ಚು ತಾಗುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಗೆ ಚರಿತ್ರೆಯೇ ಇಲ್ಲವೆಂಬ ಭಾವನೆ ಅಲ್ಲಿನವರಲ್ಲೇ ಇದೆ. ನಗರದ ಅಭಿವೃದ್ಧಿಗೆಂದು 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ರಚನೆಯಾಯಿತು. ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ 1949ರಲ್ಲಿ ಕೈಗಾರಿಕಾ ಉಪನಗರವಾಗಿ ರಾಜಾಜಿನಗರ ಶುರುವಾಯಿತು. ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ 1950ರ ದಶಕದಲ್ಲಿ ಇಲ್ಲಿಗೆ ಬಂತು. ಬಡಾವಣೆಗಳು ಹೊಸವಾದರೂ ಅವು ಎದ್ದ ನೆಲ ಹೊಸದಲ್ಲ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಅತ್ತಿಗುಪ್ಪೆ, ನಾಗರಭಾವಿ, ನಾಯಂಡಹಳ್ಳಿ ಎಂಬ ಊರುಗಳು ಬಡಾವಣೆಗಳ ಅಡಿಯಲ್ಲಿವೆ. ಕೆಂಗೇರಿಯಂತೂ ಪೇಟೆಯ ಕೋಟೆಯ ಬಾಗಿಲೊಂದಕ್ಕೆ ಹೆಸರು ಕೊಟ್ಟ ಹಳೆಯ ಊರು. ವೃಷಭಾವತಿಯ ದಂಡೆಯ ಈ ಊರು ಮೈಸೂರು ದಾರಿಯ ಮೊದಲ ದೊಡ್ಡ ತಂಗುದಾಣ. ಮಹಾಬರದ ಪರಿಹಾರದ ಕಾಮಗಾರಿಯಾಗಿ ಕೈಗೊಂಡ ಬೆಂಗಳೂರು-ಮೈಸೂರು ರೈಲುಹಾದಿ 1882ರ ಹೊತ್ತಿಗೆ ಇದರ ಮೂಲಕವೇ ಹಾದುಹೋಯಿತು. 2007ರಲ್ಲಿ ಕೆಂಗೇರಿ ಮಹಾನಗರದೊಳಗೆ ಸೇರಿತು. 2021ರಲ್ಲಿ ಮೆಟ್ರೊ ಬಂತು.

ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು, ಪ್ರಕಟವಾದದ್ದು 1905ರಲ್ಲಿ. ಶಾಸನಗಳನ್ನು ಅದರಲ್ಲಿ ತಾಲ್ಲೂಕುವಾರು ಜೋಡಿಸಿ ಕ್ರಮಸಂಖ್ಯೆ ಕೊಟ್ಟಿದೆ. ಪ್ರತಿಯೊಂದಕ್ಕೂ ಅದು ನಿಂತ ಹಳ್ಳಿಯ ಹೆಸರು, ಗುಡಿಯ ಮುಂದೆಯೋ ಕೆರೆಯ ಬಳಿಯೋ ಎಂಬ ಗುರುತು, ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಲ್ಲವೂ ಇವೆ. ತನ್ನ ಬಡಾವಣೆಯ ಹಳೆಯ ಹಳ್ಳಿಯ ಹೆಸರು ತಿಳಿದಿರುವ ಯಾರೇ ಆಗಲಿ ಆ ಸಂಪುಟ ತೆರೆದು ಹುಡುಕಬಹುದು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿ ಇತ್ತೀಚಿನ ವರ್ಷಗಳಲ್ಲಿ ಇದೇ ಪಟ್ಟಿಯನ್ನು ಹಿಡಿದು ಊರೂರು ತಿರುಗಿ, ಉಳಿದ ಕಲ್ಲುಗಳನ್ನು ಮೂರು ಆಯಾಮದ ಸ್ಕ್ಯಾನರ್‌ನಿಂದ ದಾಖಲಿಸುತ್ತಿದೆ. ಮಸಿಯ ಪಡಿಯಚ್ಚಿನಲ್ಲಿ ಕಾಣದ ಸವೆದ ಅಕ್ಷರಗಳು ಕಂಪ್ಯೂಟರಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಎದ್ದು ಕಾಣುತ್ತವೆ. ರೈಸ್‌ನ ಕಾಲದ ಕೆಲವು ತಪ್ಪು ಓದುಗಳನ್ನು ತಿದ್ದಲು ಇಂಥ ದಾಖಲೆ ನೆರವಾಗುತ್ತದೆ.

ಕೊಚ್ಚಿಯದರಂಥ ಪ್ರದರ್ಶನವನ್ನು ಅವೆನ್ಯೂ ರಸ್ತೆಯ ಚರ್ಚಿನಲ್ಲೂ ಇಡಬಹುದು. ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ಅಚ್ಚಾದ ಪುಸ್ತಕಗಳಲ್ಲೇ ಇದೆ. ಒಂದು ಗೋಡೆಗೆ ದೊಡ್ಡಪೇಟೆಯ ನಕ್ಷೆ, ಚಾಪೆಲಿನ ಮತ್ತು ಪೇಟೆಯ ಶಾಲೆಗಳ ಕಥೆ. ಇನ್ನೊಂದಕ್ಕೆ ಶಾಸನಗಳ ಕೆಲಸ: ಪಡಿಯಚ್ಚಿನ ನಿಜ ಅಳತೆಯ ಪ್ರತಿಯೊಂದು, ಅದರ ಪಕ್ಕದಲ್ಲಿ ಓದು, ಅದರ ಕೆಳಗೆ ಈಗಿನ ಕನ್ನಡದಲ್ಲಿ ಅರ್ಥ. ಮಕ್ಕಳು ತಾವೇ ಕಾಗದ ಹಾಸಿ ಮಸಿ ತಟ್ಟಿ ನೋಡಲು ಒಂದು ಅಚ್ಚಿನ ಕಲ್ಲು. ಕೆಲಸ ಮಾಡಿದ ಪಂಡಿತರಿಗೂ ಅಲ್ಲಿ ಜಾಗವಿರಬೇಕು. ಶಾಸನ ಓದಿದ ಶ್ರಮವೆಲ್ಲ ಒಬ್ಬ ಅಧಿಕಾರಿಯ ಹೆಸರಿನಲ್ಲಿ ಮುಗಿದುಹೋಗಬಾರದು.

ಹಳೆಯ ವಸ್ತುಗಳ ರಕ್ಷಣೆಗೆ ಕೆಲವು ಸರಳ ನಿಯಮಗಳಿವೆ. ಅಮೃತಶಿಲೆಯನ್ನು ಆಮ್ಲದಿಂದ ತೊಳೆದರೆ ಮೇಲ್ಮೈ ಕರಗಿ ಅಕ್ಷರ ಮಸುಕಾಗುತ್ತದೆ. ಶುದ್ಧ ನೀರು, ಮೆದು ಬಟ್ಟೆ ಸಾಕು. ಹಿತ್ತಾಳೆ ಫಲಕಗಳನ್ನು ಪ್ರತಿ ಹಬ್ಬಕ್ಕೂ ಪಾಲಿಷ್ ಹಚ್ಚಿ ಉಜ್ಜುವುದರಿಂದ ಕೆತ್ತನೆ ಸವೆಯುತ್ತದೆ. ಹಳೆಯ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಫಲಕದ ಹಿಂದೆ ಉಪ್ಪು ಕಟ್ಟುತ್ತದೆ. ಸುಣ್ಣದ ಗಾರೆಯೇ ಸರಿ. ಕಾಗದದ ದಾಖಲೆಗಳ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದೆಂದು ಸಂಗ್ರಹಾಲಯಗಳ ನಿಯಮ. ಬೆಂಗಳೂರಿನ ಬಿಸಿಲಿನಲ್ಲಿ ಕಿಟಕಿಯ ಪಕ್ಕ ಇಟ್ಟ ಪುಸ್ತಕದ ಮಸಿ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಆದ್ದರಿಂದ ಮೂಲವನ್ನು ಕಪಾಟಿನಲ್ಲಿಟ್ಟು ಕೊಚ್ಚಿಯವರಂತೆ ಪ್ರತಿಯನ್ನು ಹೊರಗಿಡುವುದೇ ಜಾಣತನ. ದಾಖಲೆ ಪುಸ್ತಕಗಳಲ್ಲಿ ಬದುಕಿರುವವರ ಹೆಸರುಗಳೂ ಇರಬಹುದಾದ್ದರಿಂದ ಇತ್ತೀಚಿನ ದಶಕಗಳ ಪುಟಗಳನ್ನು ಪ್ರದರ್ಶನಕ್ಕೆ ತರಬಾರದು.

ಈ ಪ್ರದರ್ಶನವನ್ನು ಮಾಡಬೇಕಾದವರು ಚರ್ಚಿನವರು ಮಾತ್ರವಲ್ಲ. ಪೇಟೆಯ ಪುಸ್ತಕ ವ್ಯಾಪಾರಿಗಳು, ಸೆಂಟ್ರಲ್ ಕಾಲೇಜಿನ ಪರಂಪರೆಯ ಇತಿಹಾಸ ವಿಭಾಗಗಳು, ಶಾಸನ ಓದಬಲ್ಲ ಮಿಥಿಕ್ ಸೊಸೈಟಿಯವರು ಕೈಜೋಡಿಸಿದರೆ ಒಂದು ಮಳೆಗಾಲದೊಳಗೆ ಆಗುವ ಕೆಲಸ. ಕೆಂಗೇರಿ, ವಿಜಯನಗರ, ರಾಜಾಜಿನಗರದ ಗುಡಿ, ಮಸೀದಿ, ಚರ್ಚುಗಳ ಆಡಳಿತ ನಡೆಸುವವರು ತಮ್ಮ ಅಂಗಳದ ಮೂಲೆಯಲ್ಲಿ ಒರಗಿಸಿಟ್ಟ, ಸುಣ್ಣ ಬಳಿದ, ಅರ್ಧ ಹೂತುಹೋದ ಬರಹದ ಕಲ್ಲು ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಸುಣ್ಣ ಕೆರೆಯಲು ಉಳಿ ಹಿಡಿಯದೆ ಬಲ್ಲವರಿಗೆ ತಿಳಿಸಬೇಕು, ಒಂಬತ್ತನೆಯ ಸಂಪುಟದಲ್ಲಿ ಅದರ ಸಂಖ್ಯೆ ಹುಡುಕಿಸಬೇಕು, ಕಲ್ಲನ್ನು ಅಲ್ಲಿಯೇ ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಅದರ ಅರ್ಥವನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಸಬೇಕು.